ಮಾದಾವರದ ಮೆಟ್ಟಿಲು, ಮಾವನ ಗಾದಿ

ಹಾನಗಲ್ಲಿನಿಂದಾಗಲಿ ಹಿರೇಕೆರೂರಿನಿಂದಾಗಲಿ, ಸವಣೂರು ಶಿಗ್ಗಾಂವಿಗಳಿಂದಾಗಲಿ ರಾತ್ರಿಯ ಊಟವನ್ನು ಮುಗಿಸಿಕೊಂಡು ಬೆಂಗಳೂರಿನ ಬಸ್ಸನ್ನೇರಿದವನಿಗೆ, ದಾವಣಗೆರೆ ಚಿತ್ರದುರ್ಗಗಳು ನಿದ್ರೆಯಲ್ಲಿಯೇ ಸರಿದುಹೋಗಿ, ತುಮಕೂರು ನೆಲಮಂಗಲಗಳೂ ಹಿಂದಾದ ಮೇಲೆ, ಅರೆಗಣ್ಣಿಗೆ ಮೊದಲು ಗೋಚರಿಸುವ ರಾಜಧಾನಿಯ ಲಕ್ಷಣವೆಂದರೆ ಈಗ ಮೆಟ್ರೋದ ಕಂಬಗಳ ಸಾಲು. ಆ ಸಾಲಿನ ಕೊನೆಯ ನಿಲ್ದಾಣವಾದ ಮಾದಾವರದ ಹೆಸರು ಕಿವಿಗೆ ಬಿದ್ದೊಡನೆ, ಜಯನಗರದ ಮಗಳ ಮನೆಗೆ ಹೊರಟವರು, ಪರೀಕ್ಷೆಗೋ ಸಂದರ್ಶನಕ್ಕೋ ಬಂದ ಹುಡುಗರು, ತಲೆಯ ಮೇಲಿನ ಸಾಮಾನಿಗೆ ಕೈಹಾಕುತ್ತಾರೆ. ಊರಿನಿಂದ ಬಂದ ರೊಟ್ಟಿಯ ಗಂಟು, ಚೀಲದೊಳಗಿನ ಮೆಣಸಿನಕಾಯಿ, ಎಲ್ಲವೂ ಆ ಮೆಟ್ಟಿಲುಗಳನ್ನು ಏರಿ ನಗರವನ್ನು ಪ್ರವೇಶಿಸುತ್ತವೆ.

ನಾಗಸಂದ್ರದವರೆಗೆ ಮೆಟ್ರೋ 2015ರಲ್ಲಿಯೇ ಬಂದಿತ್ತು. ಅಲ್ಲಿಂದ ಮಾದಾವರಕ್ಕೆ ಇರುವ ದೂರ ಮೂರು ಕಿಲೋಮೀಟರಿಗೆ ತುಸು ಹೆಚ್ಚು. ನಡುವೆ ಮಂಜುನಾಥನಗರ, ಚಿಕ್ಕಬಿದರಕಲ್ಲು ಎಂಬ ಎರಡೇ ನಿಲ್ದಾಣಗಳು. ಈ ಭಾಗವೂ ಸೇರಿದ ಮೆಟ್ರೋದ ಎರಡನೆಯ ಹಂತಕ್ಕೆ ಕೇಂದ್ರ ಸರಕಾರವು 2014ರಲ್ಲಿ ಸಮ್ಮತಿಯಿತ್ತಿದ್ದರೂ ಈ ಅಲ್ಪಾಂತರವನ್ನು ರೈಲು ಕ್ರಮಿಸಿದ್ದು 2024ರ ನವೆಂಬರ್ 7ರಂದು. ನಮ್ಮೂರಿನ ಎತ್ತಿನ ಬಂಡಿಯು ಒಂದು ಗಂಟೆಯೊಳಗೆ ಸಾಗಬಲ್ಲ ದೂರಕ್ಕೆ ಹತ್ತು ವರ್ಷಗಳು ಏಕೆ ಹಿಡಿದವೆಂದು ಯಾರಾದರೂ ಕೇಳಿದರೆ, ಸೋಂಕಿನ ಕಾಲವೂ ಸೇರಿದಂತೆ ಹಲವು ಕಾರಣಗಳನ್ನು ಹೇಳಬಹುದು. ಆದರೆ ಆ ಕಾರಣಗಳ ನಡುವೆ ಮತ್ತೆ ಮತ್ತೆ ಕೇಳಿಬಂದ ಮಾತು ಒಂದೇ, ಭೂಸ್ವಾಧೀನ.

ಭೂಮಿಯೇಕೆ ಬೇಕು, ಕಂಬಗಳು ನಿಂತಿರುವುದು ಸರಕಾರದ ರಸ್ತೆಯ ನಡುವೆಯೇ ಅಲ್ಲವೆ ಎಂದು ನಾನೂ ಬಹುಕಾಲ ಭಾವಿಸಿದ್ದೆನು. ಕಂಬವು ನಿಲ್ಲುವ ಜಾಗ ಈ ವ್ಯವಹಾರದಲ್ಲಿ ಅತ್ಯಂತ ಸುಲಭವಾದ ಅಂಶ. ಅಲ್ಲಿಯೂ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಹೆದ್ದಾರಿ ಪ್ರಾಧಿಕಾರವನ್ನು ಕೇಳಬೇಕು. ರಸ್ತೆಯಡಿಯಲ್ಲಿ ಹಾದುಹೋಗಿರುವ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ತಿನ ಕೇಬಲ್ಲುಗಳ ಒಡೆಯರಾದ ಇಲಾಖೆಗಳನ್ನು ಒಂದೊಂದಾಗಿ ಒಪ್ಪಿಸಬೇಕು. ನಿಜವಾದ ತೊಡಕು ಪ್ರಾರಂಭವಾಗುವುದು ಮೆಟ್ಟಿಲುಗಳಲ್ಲಿ. ನಿಲ್ದಾಣವು ಆಕಾಶದಲ್ಲಿದ್ದರೂ ಜನ ನೆಲದಿಂದಲೇ ಹತ್ತಬೇಕಷ್ಟೆ. ಆ ಮೆಟ್ಟಿಲುಗಳು ರಸ್ತೆಯ ಎರಡೂ ಮಗ್ಗುಲುಗಳಲ್ಲಿ ಇಳಿಯಬೇಕು. ಇಳಿಯುವ ಸ್ಥಳದಲ್ಲಿ ಯಾವಾಗಲೂ ಯಾರದೋ ಅಂಗಡಿ, ಯಾರದೋ ಗೋದಾಮು, ಯಾರದೋ ಅಜ್ಜ ಕಟ್ಟಿಸಿದ ಮನೆ ಇದ್ದೇ ಇರುತ್ತದೆ. ಇದಲ್ಲದೆ ಮಾರ್ಗವು ತಿರುಗುವಲ್ಲಿ ಮೂಲೆಯ ಮನೆ, ಗಾಡಿಗಳು ತಂಗುವ ಡಿಪೋಗೆ ವಿಸ್ತಾರವಾದ ಬಯಲು, ಕಾಮಗಾರಿ ಮುಗಿಯುವವರೆಗೆ ಕಾಂಕ್ರೀಟಿನ ತೊಲೆಗಳನ್ನು ಎರಕಹೊಯ್ಯಲು ತಾತ್ಕಾಲಿಕವಾಗಿ ಬಾಡಿಗೆಯ ಹೊಲ. ಸುರಂಗವಾದರೆ ಮನೆಯೇನೋ ಉಳಿಯುತ್ತದೆ. ಆದರೆ ಅಡಿಯಲ್ಲಿ ರೈಲು ಸಂಚರಿಸುವ ಮನೆಯ ಮೇಲೆ ನಾಳೆ ಎಷ್ಟು ಅಂತಸ್ತು ಏರಿಸಬಹುದೆಂಬ ಪ್ರಶ್ನೆಗೆ ಆ ಮೇಲೆ ಮಾಲೀಕನೊಬ್ಬನೇ ಉತ್ತರ ಹೇಳಲಾರನು.

ಬೆಂಗಳೂರಿನ ಮೆಟ್ರೋ ನಿಗಮವು ಖಾಸಗಿ ಭೂಮಿಯನ್ನು ಪಡೆಯುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ, 1966ರ ಕಾಯ್ದೆಯ ಬಲದಿಂದ. ಕಾರ್ಖಾನೆಗಳಿಗಾಗಿ ರಚಿತವಾದ ಶಾಸನವೊಂದು ರೈಲಿನ ಮೆಟ್ಟಿಲುಗಳಿಗೆ ಭೂಮಿಯನ್ನು ಕೊಡಿಸುತ್ತಿರುವುದು ಸ್ವಲ್ಪ ವಿಚಿತ್ರವೇ. ಆದರೆ ಕಾರ್ಯವಿಧಾನ ಸ್ಪಷ್ಟವಾಗಿದೆ. 28ನೆಯ ವಿಧಿಯ ಒಂದನೆಯ ಉಪವಿಧಿಯಂತೆ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಬಳಿಕ ಮಾಲೀಕನಿಗೆ ನೋಟೀಸು, ಅವನ ಆಕ್ಷೇಪಣೆಯ ವಿಚಾರಣೆ. ನಾಲ್ಕನೆಯ ಉಪವಿಧಿಯಂತೆ ಅಂತಿಮ ಅಧಿಸೂಚನೆ. ಅದು ಪ್ರಕಟವಾದೊಡನೆ ಭೂಮಿ ಸರಕಾರದ್ದು. ಸಂಧಾನಕ್ಕೆ ಕಾನೂನು ತೆರೆದಿಟ್ಟ ಬಾಗಿಲು 29ನೆಯ ವಿಧಿಯಲ್ಲಿದೆ: ಪರಿಹಾರದ ಮೊತ್ತವನ್ನು ಪರಸ್ಪರ ಒಪ್ಪಂದದಿಂದ ನಿಶ್ಚಯಿಸಿಕೊಂಡರೆ ಆ ಒಪ್ಪಂದದಂತೆಯೇ ಹಣ ಸಲ್ಲಬೇಕು. ಹಣವನ್ನು ಒಪ್ಪಿದವನು ಕೋರ್ಟಿನ ಮೆಟ್ಟಿಲನ್ನು ಹತ್ತುವುದಿಲ್ಲವಾದ್ದರಿಂದ ಅಧಿಕಾರಿಗಳಿಗೆ ಈ ಬಾಗಿಲಿನ ಮೇಲೆ ಪ್ರೀತಿ ಹೆಚ್ಚು.

ಪರಿಹಾರದ ಲೆಕ್ಕವು ಕಾಲಾನುಕ್ರಮದಲ್ಲಿ ಬದಲಾಗಿದೆ. ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆಯು, ಕೊನೆಯ ದಿನಗಳಲ್ಲಿ, ಮಾರುಕಟ್ಟೆಯ ಬೆಲೆಯ ಮೇಲೆ ನೂರಕ್ಕೆ ಮೂವತ್ತನ್ನು ಸೇರಿಸುತ್ತಿತ್ತು. ಒಲ್ಲದ ಮನಸ್ಸಿನಿಂದ ಕೊಟ್ಟದ್ದಕ್ಕೆ ಅದು ಸಮಾಧಾನಧನ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯ್ದೆಯು ಈ ಸಮಾಧಾನಧನವನ್ನು ನೂರಕ್ಕೆ ನೂರಾಗಿಸಿತು. ಹಳ್ಳಿಯ ಭೂಮಿಯಾದರೆ ಮೂಲಬೆಲೆಯನ್ನು ಎರಡರವರೆಗೆ ಗುಣಿಸಲೂ ಅವಕಾಶವಿತ್ತು. ನಗರದ ಭೂಮಿಗೆ ಗುಣಕ ಒಂದೇ.

ಆದರೆ ಮೂಲಬೆಲೆ ಎಂಬುದು ಯಾವುದು? ಇಲ್ಲಿ ನಮ್ಮ ಜನರ ಒಂದು ಹಳೆಯ ಜಾಣತನವು ಬಡ್ಡಿಸಹಿತ ಮರಳಿ ಬರುತ್ತದೆ. ನಲವತ್ತು ಲಕ್ಷಕ್ಕೆ ಕೊಂಡ ಜಾಗವನ್ನು ಹದಿನೈದು ಲಕ್ಷವೆಂದು ಖರೀದಿಪತ್ರದಲ್ಲಿ ಬರೆಯಿಸಿ, ಮುದ್ರಾಂಕ ಶುಲ್ಕದಲ್ಲಿ ಇಷ್ಟು ಉಳಿಯಿತೆಂದು ಉಪನೋಂದಣಾಧಿಕಾರಿಯ ಕಚೇರಿಯೆದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು ಬಂದ ಗೃಹಸ್ಥನೆದುರು, ಹತ್ತು ವರ್ಷಗಳ ತರುವಾಯ ಸ್ವಾಧೀನಾಧಿಕಾರಿಯು ಅದೇ ಓಣಿಯ ಖರೀದಿಪತ್ರಗಳನ್ನು ಹರವಿ, ನೀವೇ ಬರೆದುಕೊಟ್ಟ ಬೆಲೆಯಲ್ಲವೇ ಇದು ಎಂದು ಕೇಳುತ್ತಾನೆ. ನೆರೆಹೊರೆಯವರೆಲ್ಲ ಕೂಡಿ ಹೇಳಿದ ಸುಳ್ಳಿಗೆ ಸರಕಾರವು ಸಾಕ್ಷಿ ನಿಲ್ಲುವ ಈ ಪ್ರಸಂಗದಲ್ಲಿ ಯಾರ ಪಕ್ಷವನ್ನು ವಹಿಸಬೇಕೆಂದು ನನಗೆ ಇಂದಿಗೂ ತಿಳಿಯದು.

ಇದನ್ನೆಲ್ಲ ನಾನು ಮೆಟ್ರೋದಿಂದ ಕಲಿತವನಲ್ಲ. ಮೊದಲು ಹೆಸರಿಸಿದ ನಮ್ಮ ನಾಲ್ಕು ತಾಲೂಕುಗಳ ಪೈಕಿ ಒಂದರ ಪೇಟೆಯಲ್ಲಿ (ಊರಿನ ಹೆಸರು ಬೇಡ) ನನ್ನ ಸೋದರಮಾವನದೊಂದು ಅರಿವೆಯ ಅಂಗಡಿಯಿತ್ತು. ರಸ್ತೆ ಅಗಲವಾಗುವುದೆಂಬ ಸುದ್ದಿ ಎರಡು ಚುನಾವಣೆಗಳಷ್ಟು ಹಳೆಯದಾಗಿ ಯಾರೂ ನಂಬದ ಸ್ಥಿತಿಗೆ ಬಂದಿದ್ದಾಗ, ಒಂದು ಮುಂಜಾನೆ ಮೋಜಣಿಯವರು ಬಂದು, ರಸ್ತೆಯ ಮಧ್ಯದಿಂದ ಟೇಪು ಹಿಡಿದು, ಕೆಂಪು ಬಣ್ಣದ ಕುಂಚದಿಂದ ಗೋಡೆಗೆ ಒಂದು ಗೀಟು ಎಳೆದರು. ಆ ಗೀಟು ಕಟ್ಟೆಯನ್ನು ದಾಟಿ, ಹೊಸ್ತಿಲನ್ನು ದಾಟಿ, ಒಳಗೆ ಮಾವ ಕೂಡುತ್ತಿದ್ದ ಗಾದಿಯ ನಟ್ಟನಡುವೆ ಬಿದ್ದಿತ್ತು. ಗಲ್ಲಾಪೆಟ್ಟಿಗೆ ಸರಕಾರದ ಪಾಲು, ತೆಕ್ಕೆದಿಂಬು ನಮ್ಮ ಪಾಲು.

ನಾವೆಲ್ಲ ದರದ ಮಾತನ್ನಾಡುತ್ತಿದ್ದೆವು. ಅಡಿಗೆ ಎಷ್ಟು, ಮೂಲೆಯ ಅಂಗಡಿಗೆ ಎಷ್ಟು ಹೆಚ್ಚು, ವಕೀಲರನ್ನು ಹಿಡಿಯಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಚರ್ಚೆ ನಡೆದಿತ್ತು. ಅಧಿಕಾರಿಯು ಬಂದಾಗ ಮಾವ ಕೇಳಿದ್ದು ಬೇರೆಯೇ: “ದೀಪಾವಳಿ ಹಾಯಲಿ ಸಾಹೇಬ್ರ. ಈ ಗಾದಿ ಮ್ಯಾಲ ಇನ್ನೊಂದ್ಸಲ ಲಕ್ಷ್ಮೀಪೂಜಿ ಆಗ್ಲಿ. ಆಮ್ಯಾಲ ನೀವು ಒಡೆಯೋದ್ಯಾಕ, ನಾನ ಒಡಸ್ತೀನಿ.” ಅಧಿಕಾರಿಯು ಕ್ಷಣಕಾಲ ಸುಮ್ಮನಿದ್ದು, ಆಗಲಿ ಯಜಮಾನ್ರ, ಎಂದನು. ಹದಿನೇಳು ದಿನಗಳ ಆ ಅವಧಿ ಯಾವ ಕಡತದಲ್ಲಿಯೂ ದಾಖಲಾಗಿರಲಾರದು. ಆದರೆ ಮಾವ ಸಹಿ ಹಾಕಿದ್ದು ಅದಕ್ಕಾಗಿಯೇ ಹೊರತು ದರಕ್ಕಾಗಿ ಅಲ್ಲ. ಪಾಡ್ಯದ ಮಾರನೆಯ ದಿನ ಮುಂಭಾಗವನ್ನು ಕೆಡವಿದಾಗ ಅಂಗಡಿಯ ಒಳಗೋಡೆ ಬೀದಿಗೆ ತೆರೆದು ನಿಂತಿತು: ಬೂದುನೀಲಿಯ ಸುಣ್ಣ, ಎಣ್ಣೆತಲೆಗಳು ಒರಗಿ ಕಪ್ಪಾದ ಒಂದು ವರ್ತುಲ, ಕ್ಯಾಲೆಂಡರು ತೂಗುತ್ತಿದ್ದಲ್ಲಿ ಬಣ್ಣ ಮಾಸದೆ ಉಳಿದ ಒಂದು ಚೌಕ.

ಅದೇ ಅಂಗಡಿಯ ಕಟ್ಟೆಯ ಮೇಲೆ ಇಪ್ಪತ್ತು ವರ್ಷಗಳಿಂದ ಹೊಲಿಗೆಯ ಮಶೀನು ಇಟ್ಟುಕೊಂಡು ಕುಳಿತಿದ್ದ ಸಿಂಪಿಗನೊಬ್ಬನಿದ್ದನು. ಮಾವನಿಗೆ ಮಾಲೀಕತ್ವದ ಉತಾರವಿತ್ತು, ನೋಟೀಸು ಬಂತು, ಚೆಕ್ಕೂ ಬಂತು. ಸಿಂಪಿಗನನ್ನು ಯಾರೂ ಕೇಳಲಿಲ್ಲ. “ಊರಮಂದಿ ಹೆಸರೆಲ್ಲಾ ನನ್ನ ಅಳತೀ ಬುಕ್ಕಿನ್ಯಾಗ ಅದಾವ್ರೀ ಅಣ್ಣಾರ, ನನ್ನ ಹೆಸರು ಯಾರ ಬುಕ್ಕಿನ್ಯಾಗೂ ಇಲ್ಲ” ಎಂದು ನಕ್ಕು, ಮಶೀನನ್ನು ತಳ್ಳುಗಾಡಿಯ ಮೇಲೆ ಹೇರಿಕೊಂಡು ಹೋದನು.

ನಗರದಲ್ಲಿ ಭೂಮಿಯನ್ನು ಕೇಳುವುದು ಹಳ್ಳಿಯಲ್ಲಿ ಹೊಲವನ್ನು ಕೇಳಿದಂತಲ್ಲ ಎಂಬುದು ನನಗೆ ಮನದಟ್ಟಾದದ್ದು ಅಂದು. ಒಂದೇ ಅಂಕಣದ ಜಾಗದಲ್ಲಿ ಒಡೆಯ, ಬಾಡಿಗೆದಾರ, ಅವನ ಒಳಬಾಡಿಗೆದಾರ, ಕಟ್ಟೆಯ ಸಿಂಪಿಗ, ಮೆಟ್ಟಿಲಿನ ಹೂವಿನವಳು ಹೀಗೆ ಐದು ಸಂಸಾರಗಳು ಪದರುಪದರಾಗಿ ಇರುತ್ತವೆ. ಕಾಗದದಲ್ಲಿ ಹೆಸರಿರುವುದು ಒಬ್ಬನದು. 2013ರ ಕಾಯ್ದೆಯು, ಮೂರು ವರ್ಷಗಳಿಂದ ಆ ಸ್ಥಳದಲ್ಲಿಯೇ ಜೀವನೋಪಾಯವನ್ನು ಕಂಡುಕೊಂಡಿದ್ದ ಭೂರಹಿತನ ಕುಟುಂಬವನ್ನೂ ಬಾಧಿತ ಕುಟುಂಬವೆಂದು ಎಣಿಸಿತು. 1966ರ ಕಾಯ್ದೆಯಲ್ಲಿ ಇಂಥ ಪುನರ್ವಸತಿಯ ಅಧ್ಯಾಯವಿಲ್ಲ; ಮೆಟ್ರೋ ನಿಗಮವು ಬಾಡಿಗೆದಾರರಿಗೂ ಸಲ್ಲುವಂಥ ಪ್ಯಾಕೇಜೊಂದನ್ನು ತಾನೇ ರೂಪಿಸಿಕೊಳ್ಳಬೇಕಾಯಿತು.

ನಮ್ಮ ನೆರೆಯ ಹುಬ್ಬಳ್ಳಿ-ಧಾರವಾಡದಲ್ಲಿ ಈ ಪಾಠವು ವಿಶ್ವಬ್ಯಾಂಕಿನ ಮುಖಾಂತರ ಬಂದಿತು. ಶಿಗ್ಗಾಂವಿಯ ಪಕ್ಕದಲ್ಲಿ ಹಾಯುವ ಪಿ.ಬಿ. ರಸ್ತೆಯೇ ಮುಂದೆ ಅವಳಿನಗರಗಳನ್ನು ಬೆಸೆಯುವ ರಸ್ತೆಯೂ ಆಗಿದ್ದು, ಅದರ ನಡುವೆ ಬಸ್ಸುಗಳಿಗೆಂದೇ ಮೀಸಲಾದ ಪಥವನ್ನು ನಿರ್ಮಿಸುವ ಸಲುವಾಗಿ 2012ರಲ್ಲಿ ಬಿ.ಆರ್.ಟಿ.ಎಸ್. ಕಂಪನಿಯ ಸ್ಥಾಪನೆಯಾಯಿತು. 22 ಕಿಲೋಮೀಟರಿಗೆ ತುಸು ಮೇಲಾದ ಆ ದಾರಿಯಲ್ಲಿ 2018ರ ಅಕ್ಟೋಬರಿನಲ್ಲಿ ಓಡಾಟ ಮೊದಲಾಗಿ, 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯಾಯಿತು. ಬಸ್ಸಿಗೆ ಚಿಗರಿಯೆಂದು ಹೆಸರಿಟ್ಟವರು ಯಾರೋ, ಅವರ ಕೈ ಚಿನ್ನದ್ದು. ಜಿಂಕೆಯೆಂದಿದ್ದರೆ ಅರ್ಧ ಓಟವೇ ಹೋಗುತ್ತಿತ್ತು. ಸಾಲಕೊಟ್ಟ ಬ್ಯಾಂಕಿನ ನಿಯಮದಂತೆ, ಪಟ್ಟೆಯಿಲ್ಲದವನಿಗೆ ಭೂಮಿಯ ಬೆಲೆ ಸಲ್ಲದಿದ್ದರೂ, ಅವನು ಕಟ್ಟಿಕೊಂಡ ಗುಡಿಸಲಿಗೆ, ಕಳೆದುಕೊಂಡ ದುಡಿಮೆಗೆ ನೆರವು ಸಲ್ಲಲೇಬೇಕು. ನಮ್ಮ ಸಿಂಪಿಗನ ಕಟ್ಟೆ ಆ ಹಾದಿಯಲ್ಲಿರಲಿಲ್ಲವೆಂಬುದೇ ಅವನ ದುರದೃಷ್ಟ.

ಆದರೂ ಅಲ್ಲಿ ಎಲ್ಲವೂ ಸರಾಗವಾಗಿ ನಡೆಯಿತೆನ್ನಲಾಗದು. ಮನುಷ್ಯನ ಅಂಗಡಿಗೆ ಬೆಲೆ ಕಟ್ಟಬಹುದು. ದೇವರ ಸ್ಥಳಕ್ಕೆ ಕಟ್ಟುವುದೆಂತು? ರಸ್ತೆಯ ಅಗಲೀಕರಣಕ್ಕಾಗಿ ದೇವಸ್ಥಾನಗಳು ತೆರವಾಗಿದ್ದವು. ಭೈರಿದೇವರಕೊಪ್ಪದ ದರ್ಗಾ ಮಾತ್ರ ಬಸ್ಸುಗಳು ಓಡಲಾರಂಭಿಸಿ ನಾಲ್ಕು ವರ್ಷಗಳಾದರೂ ಉಳಿದುಕೊಂಡಿದ್ದು, ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೂ ಹೋಗಿ, 2022ರ ಡಿಸೆಂಬರಿನಲ್ಲಿ ಪೊಲೀಸರ ಕಾವಲಿನಲ್ಲಿ ತೆರವಾಯಿತು. ಗುಡಿ ಮಸೀದಿಗಳ ಮುಂದೆ ನಡೆಯಬೇಕಾದ ಮಾತುಕತೆಗೆ ಭೂಸ್ವಾಧೀನದ ಗುಮಾಸ್ತರು ಸಾಲರು. ಊರ ಹಿರಿಯರು ಬೇಕು, ಅದಕ್ಕಿಂತ ಹೆಚ್ಚಾಗಿ ಸಮಯ ಬೇಕು. ಮೊದಲ ದಿನವೇ ಕೇಳಿದ ಪ್ರಶ್ನೆಗೂ ಕೊನೆಯ ದಿನ ಜೆ.ಸಿ.ಬಿ.ಯ ಸದ್ದಿನಲ್ಲಿ ಕೇಳಿದ ಪ್ರಶ್ನೆಗೂ ಉತ್ತರ ಒಂದೇ ಆಗಿರುವುದಿಲ್ಲ.

ಹಾಗೆಂದು ಖಾಸಗಿಯವರೂ ದೇವರೂ ಮಾತ್ರ ಹಟಮಾರಿಗಳೆಂದು ಭಾವಿಸಬಾರದು. ಸರಕಾರವು ಸರಕಾರವನ್ನೇ ಕೇಳಬೇಕಾಗಿ ಬಂದಾಗ ಆಗುವ ಫಜೀತಿ ಬಲುದೊಡ್ಡದು. ಬೆಂಗಳೂರಿನಲ್ಲಿ ಮೆಟ್ರೋದ ಹಸಿರು ಮಾರ್ಗಕ್ಕೆ ಲಾಲಬಾಗಿನ ಅಂಚಿನ ಒಂದು ತುಣುಕು ಬೇಕಾದಾಗ, 1975ರ ಉದ್ಯಾನಸಂರಕ್ಷಣೆಯ ಕಾಯ್ದೆಯು ಅಡ್ಡಬಂದುದರಿಂದ ಕಾಯ್ದೆಯನ್ನೇ ತಿದ್ದಬೇಕಾಯಿತು. 2009ರಲ್ಲಿ ನಂದಾ ರಸ್ತೆಯ ಮರಗಳಿಗೆ ಕೊಡಲಿ ಬಿದ್ದಾಗ ನಾಗರಿಕರು ಮರಗಳ ಪಕ್ಷ ವಹಿಸಿ ಬೀದಿಗಿಳಿದರು. ಮರಕ್ಕೆ ಉತಾರವಿಲ್ಲ, ಅದರ ಪರವಾಗಿ ಆಕ್ಷೇಪಣೆ ಸಲ್ಲಿಸುವವರು ಬೇರೆಯವರೇ ಆಗಬೇಕು. ಇನ್ನು ಜನರ ಹೋರಾಟಗಳಿಗೂ ಒಂದೇ ಫಲ ಸಿಗಲಿಲ್ಲ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವರ್ತಕರು ಮಾರ್ಗವನ್ನು ಹಳೆಯ ಮದರಾಸು ರಸ್ತೆಗೆ ತಿರುಗಿಸಿರೆಂದು ಬಹುಕಾಲ ಹೋರಾಡಿ ಸೋತರು. ದಂಡು ರೈಲುನಿಲ್ದಾಣದ ಮಗ್ಗುಲಲ್ಲಿ ಬರಬೇಕಾಗಿದ್ದ ಸುರಂಗನಿಲ್ದಾಣವು ಬಂಬೂ ಬಜಾರಿನತ್ತ ಸರಿದಾಗ ಪ್ರಯಾಣಿಕರು ವೃಥಾ ಕೂಗಿಕೊಂಡರು. ವೆಲ್ಲಾರ ವೃತ್ತದ ಬಳಿಯ ಹತ್ತೊಂಬತ್ತನೆಯ ಶತಮಾನದ ಆಲ್ ಸೇಂಟ್ಸ್ ಇಗರ್ಜಿಯವರು ಮಾತ್ರ ಒಂದು ಹೊಸ ಬಾಗಿಲನ್ನು ತಟ್ಟಿದರು: ತಮ್ಮ ಅಂಗಳದ ಮುದಿಮರಗಳ ದೂರು, ಮಾರ್ಗಕ್ಕೆ ಸಾಲಕೊಟ್ಟ ಯುರೋಪಿನ ಬ್ಯಾಂಕಿನವರೆಗೂ ಹೋಗಿ, ನಿಗಮವು ಕೇಳಿದ್ದ ಜಾಗವು ಕಿರಿದಾಯಿತು. ಕಲ್ಲಿನಲ್ಲಿ ಬರೆದ ರೇಖೆಯೆಂದು ಮೊದಲು ಹೇಳಿದ್ದುದು ನಕಾಶೆಯ ಪೆನ್ಸಿಲ್ಲಿನ ಗೀಟೇ ಆಗಿತ್ತೆಂದು ಆಮೇಲೆ ತಿಳಿಯಿತು.

ಕಲ್ಲಿನ ಮಾತು ಬಂದುದರಿಂದ ಒಂದು ಸಂಗತಿ ಜ್ಞಾಪಕಕ್ಕೆ ಬರುತ್ತದೆ. ಪಾನುಂಗಲ್ಲು ಐನೂರು ಎಂಬ ಪ್ರಾಂತದ ರಾಜಧಾನಿಯಾಗಿದ್ದ ಹಾನಗಲ್ಲಿನ ಸುತ್ತಲಿನ ಶಾಸನಗಳಲ್ಲಿ ಭೂಮಿಯನ್ನು ಕೊಡುವಾಗ ಮತ್ತರು ಇಷ್ಟು, ಕಮ್ಮ ಇಷ್ಟು, ಮೂಡಲಿಗೆ ಇಂಥದು, ತೆಂಕಲಿಗೆ ಇಂಥದು ಎಂದು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ ಕಲ್ಲಿನ ಮೇಲೆ ಬರೆಯಿಸುತ್ತಿದ್ದರು. ಇಂದಿನ ಅಧಿಸೂಚನೆಯು ರಾಜ್ಯಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಗೋಡೆಯ ಕೆಂಪು ಗೀಟನ್ನು ಕಂಡಮೇಲೆಯೇ ಓದಲು ಬಲ್ಲವನನ್ನು ಹುಡುಕಿಕೊಂಡು ಹೋಗುವವರು ಹೆಚ್ಚು.

ಮಾವ ಈಗಿಲ್ಲ. ಉಳಿದ ಅರ್ಧ ಅಂಗಡಿಯಲ್ಲಿ ಅವನ ಮಗ ಮೊಬೈಲು ಮಾರುತ್ತಾನೆ. ಗಾದಿಯ ಬದಲು ತಿರುಗುಕುರ್ಚಿ. ಸಿಂಪಿಗನು ಎದುರುಬದಿಯ ಬೇವಿನ ನೆರಳಿನಲ್ಲಿ, ಮತ್ತೊಬ್ಬರ ಕಟ್ಟೆಯ ಮೇಲೆ, ಅದೇ ಮಶೀನಿನೊಡನೆ ಕುಳಿತಿದ್ದಾನೆ. ಮೊನ್ನೆ ನಾನು ಹೋಗಿದ್ದಾಗ ಗಟಾರಿನ ಅಳತೆಗೆಂದು ಮತ್ತೆ ಮೋಜಣಿಯವರು ಬಂದಿದ್ದು, ಆಳು ಸಾಲದೆ, ಟೇಪಿನ ಒಂದು ತುದಿಯನ್ನು ಹಿಡಿಯಲು ಅವನನ್ನೇ ಕರೆದರು. ಕೊರಳಲ್ಲಿ ತನ್ನ ಟೇಪನ್ನು ತೂಗುಹಾಕಿಕೊಂಡು, ಕೈಯಲ್ಲಿ ಅವರದನ್ನು ಹಿಡಿದು, ಕಟ್ಟೆಯ ಅಂಚಿಗೆ ಬಗ್ಗಿ ಅಳತೆಯನ್ನು ನೋಡಿದವನು, “ಒಳಗ ಅರಿವಿ ಎಷ್ಟ ಬಿಟ್ಟೀರಿ ಸಾಹೇಬ್ರ?” ಎಂದು ಕೇಳಿದನು. ಅವರಿಗೆ ಅರ್ಥವಾಗಲಿಲ್ಲ, ಬರೆದುಕೊಂಡು ಮುಂದಿನ ಅಂಗಡಿಗೆ ಹೋದರು.