ಕೂಡ್ಲಿಗಿಯ ಪೆಟ್ಟಿಗೆಯಲ್ಲಿ ದಿನಕ್ಕೊಂದು ಮಹಾಯುಗ

ಕೂಡ್ಲಿಗಿಯ ಒಂದು ಮನೆಯಲ್ಲಿ ಸಣ್ಣ ವಾಲ್ವ್ ಬಾಸ್ ಆಂಪ್ಲಿಫೈಯರ್ ಇದೆ ಎಂದುಕೊಳ್ಳಿ. 15 ವಾಟ್‌ನದು, ಒಬ್ಬರೇ ಎತ್ತಿಕೊಂಡು ಹೋಗಬಹುದಾದದ್ದು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದರೆ ಗಾಜಿನ ಬುರುಡೆಗಳೊಳಗೆ ಕೆಂಪು ಮೂಡುತ್ತದೆ. ಅದರ ಬೆನ್ನಿಗೇ ಸ್ಪೀಕರಿನಿಂದ ಶುರು: ಗುಂಯ್... ಗಿಟಾರಿನ ತಂತಿಯನ್ನು ಯಾರೂ ಮುಟ್ಟಿಲ್ಲ, ಆದರೂ ಗುಂಯ್. ಕೊಟ್ಟೂರು, ಹಡಗಲಿಯ ಕಡೆ ನಾಟಕಕ್ಕೆ, ರಸಮಂಜರಿಗೆ ಸೆಟ್ ಹಾಕುವ ಹುಡುಗರು ಇದಕ್ಕೆ ‘ಹಮ್ ಹೊಡಿತೈತಿ’ ಎನ್ನುತ್ತಾರೆ. ಎಲ್ಲರಿಗೂ ಬೇಡವಾದ ಸದ್ದು. ಓಡಿಸುವ ಮೊದಲು ಅದನ್ನು ಒಮ್ಮೆ ಎಣಿಸಿ ನೋಡೋಣ, ಏಕೆಂದರೆ ಆ ಮನೆಯಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ನಿಮಿಷಕ್ಕೆ 3,000 ಸಲ. ಗಂಟೆಗೆ 1,80,000. ದಿನಕ್ಕೆ 43,20,000. ಈ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಪಂಚಾಂಗ ಬಲ್ಲವರು ಈಗಾಗಲೇ ಹುಬ್ಬೇರಿಸಿರಬೇಕು. ಕೃತ, ತ್ರೇತಾ, ದ್ವಾಪರ, ಕಲಿ ನಾಲ್ಕೂ ಸೇರಿದ ಒಂದು ಮಹಾಯುಗಕ್ಕೆ 43,20,000 ವರ್ಷ! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಒಂದು ತೂಗಾಟಕ್ಕೆ ಒಂದು ವರ್ಷ ಎಂದು ಲೆಕ್ಕ ಹಿಡಿದರೆ ಈ ಪೆಟ್ಟಿಗೆ ಸೂರ್ಯೋದಯದಿಂದ ಮರುದಿನದ ಸೂರ್ಯೋದಯಕ್ಕೆ ಒಂದು ಮಹಾಯುಗ ಮುಗಿಸುತ್ತದೆ.

ಹಾಗಾದರೆ 4,32,000 ವರ್ಷಗಳ ಕಲಿಯುಗ? 2 ಗಂಟೆ 24 ನಿಮಿಷ, ಅಂದರೆ ಸರಿಯಾಗಿ ಆರು ಗಳಿಗೆ. ಒಂದು ಸಿನಿಮಾ ನೋಡಿ ಎದ್ದು ಬರುವಷ್ಟರಲ್ಲಿ ಕಲಿಯುಗ ಪೂರ್ತಿ ಕಳೆದಿರುತ್ತದೆ. ಕಲಿ ಶುರುವಾಗಿ ಈತನಕ ಆಗಿರುವ ಐದು ಸಾವಿರದ ಚಿಲ್ಲರೆ ವರ್ಷಗಳಿಗೆ ಈ ಪೆಟ್ಟಿಗೆ ಎರಡು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ.

ಈಗ ಸದ್ದಿನ ಗಾತ್ರಕ್ಕೆ ಬನ್ನಿ. ಗಾಳಿಯಲ್ಲಿ 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಪೆಟ್ಟಿಗೆ ಅರ್ಧ ಮೀಟರ್ ಅಗಲ, ಅದರಿಂದ ಹೊರಡುವ ಅಲೆ ಅದರ ಹದಿನಾಲ್ಕು ಪಟ್ಟು! ಹತ್ತು ಅಡಿಯ ಕೋಣೆಯಲ್ಲಿ ಅದು ನೆಟ್ಟಗೆ ಮಲಗಲೂ ಆಗದು. ಇದರ ಜೊತೆಗೆ ದುಪ್ಪಟ್ಟು ಚುರುಕಿನ ತಮ್ಮನೊಬ್ಬ ಬರುತ್ತಾನೆ, 100 ಹರ್ಟ್ಸ್‌ನವನು. ಏಸಿಯನ್ನು ಡಿಸಿ ಮಾಡುವಾಗ ಹುಟ್ಟುವವನು, ದಿನಕ್ಕೆ 86,40,000 ಸಲ ಕುಣಿಯುವವನು. ನಮ್ಮ ಕಿವಿಗೆ ಹೆಚ್ಚು ತಾಗುವುದು ಇವನೇ. 50 ಹರ್ಟ್ಸ್‌ನ ಸದ್ದು ಕೇಳಿಸಲು ಬೇಕಾದ ಶಕ್ತಿಯ ಐವತ್ತರಲ್ಲಿ ಒಂದು ಪಾಲು ಇದ್ದರೂ ಇವನು ಕೇಳಿಸುತ್ತಾನೆ.

ಬಾಸ್ ನುಡಿಸುವವರ ಕಷ್ಟವೂ ಇಲ್ಲೇ. ಬಾಸ್ ಗಿಟಾರಿನ ಅತಿ ದಪ್ಪ ತಂತಿ ಬಿಡಿಯಾಗಿ ಮಿಡಿದರೆ 41.2 ಹರ್ಟ್ಸ್. ಅದರ ಮೂರನೇ ಫ್ರೆಟ್ಟಿನ ಜಿ ಸ್ವರ 49. ಹಮ್ 50. ಕಳ್ಳ ಬಂದು ಮನೆಯವರ ಮಗ್ಗುಲಲ್ಲೇ ಮಲಗಿದ್ದಾನೆ. ಹಾಡುಗಾರನ ಮೈಕಿನಲ್ಲಾದರೆ ಕೆಳಗಿನ ಸದ್ದನ್ನೆಲ್ಲ ಕತ್ತರಿಸಿ ಎಸೆಯಬಹುದು. ಬಾಸಿನಲ್ಲಿ ಕೆಳಗಿನದನ್ನು ಕತ್ತರಿಸಿದರೆ ಉಳಿಯುವುದೇನು?

ಗಾಜಿನ ಬುರುಡೆಯೊಳಗೆ ಇಣುಕಿದರೆ ಅಂಕಿಗಳಿಗೆ ಹುಚ್ಚೇ ಹಿಡಿಯುತ್ತದೆ. ನಡುವಿನ ಕ್ಯಾಥೋಡ್ ಸುಮಾರು 700 ಡಿಗ್ರಿ ಸೆಲ್ಸಿಯಸ್ ಕಾಯುತ್ತದೆ, ಅಲ್ಯೂಮಿನಿಯಂ ಕರಗಲು 660 ಸಾಕು. ಬೆರಳುದ್ದದ ಈ ಗಾಜಿನೊಳಗಿನ ಗಾಳಿಯನ್ನು ಹೆಚ್ಚುಕಡಿಮೆ ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿರುತ್ತಾರೆ. ಇಷ್ಟು ಬರಿದು ಮಾಡಿದ ಮೇಲೂ ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ಉಳಿಯುವ ಅಣುಗಳು ಸಾವಿರಾರು ಕೋಟಿ, ಜಗತ್ತಿನ ಜನಸಂಖ್ಯೆಯ ಹಲವು ಪಟ್ಟು! ಆ ಬಯಲಿನಲ್ಲಿ 300 ವೋಲ್ಟ್‌ನ ಸೆಳೆತಕ್ಕೆ ಸಿಕ್ಕಿ ಓಡುವ ಎಲೆಕ್ಟ್ರಾನ್ ಲೋಹದ ತಗಡಿಗೆ ಬಡಿಯುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 10,000 ಕಿ.ಮೀ. ದಾಟಿರುತ್ತದೆ. ಅದೇ ವೇಗದಲ್ಲಿ ಹೊರಗೆ ಓಡಿದ್ದರೆ ನಾಲ್ಕೇ ಸೆಕೆಂಡಿನಲ್ಲಿ ಭೂಮಿಗೆ ಒಂದು ಸುತ್ತು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಸೆಕೆಂಡಿನ ಮೂರನೇ ಒಂದು ಪಾಲು. ಓಡುವುದು ಮಾತ್ರ ಕೆಲವು ಮಿಲಿಮೀಟರ್!

ಅವು ಎಷ್ಟು ಮಂದಿ? 50 ಮಿಲಿಆಂಪಿಯರ್ ಹರಿಯುವ ಒಂದು ವಾಲ್ವಿನಲ್ಲಿ ಸೆಕೆಂಡಿಗೆ ದಾಟುವ ಎಲೆಕ್ಟ್ರಾನುಗಳನ್ನು 140 ಕೋಟಿ ಭಾರತೀಯರಿಗೆ ಹಂಚಿದರೆ ತಲೆಗೆ ಸುಮಾರು 22 ಕೋಟಿ ಬರುತ್ತವೆ. ಮರು ಸೆಕೆಂಡಿಗೆ ಮತ್ತೆ 22 ಕೋಟಿ. ಇಂಥ ವಾಲ್ವುಗಳನ್ನು ದೂರದ ಯಾವುದೋ ದೇಶವೇ ಮಾಡಬೇಕಿರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ‘ಬಿಇಎಲ್’ ಎಂದು ಅಚ್ಚೊತ್ತಿದ ಹಳೆಯ ಬುರುಡೆ ನಿಮ್ಮ ಅಟ್ಟದಲ್ಲಿ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಇವೆಲ್ಲ ಸೇರಿ ಮಾಡುವ ಕೆಲಸವಾದರೂ ಎಂಥದ್ದು! ಗಿಟಾರಿನಿಂದ ಬರುವ ಸಂಕೇತ ಒಂದು ವೋಲ್ಟ್‌ನ ಹತ್ತನೇ ಒಂದು ಪಾಲು. ಅದು ಆಂಪ್ಲಿಫೈಯರಿನ ಬಾಗಿಲಲ್ಲಿ ಸುರಿಯುವ ಶಕ್ತಿ ಒಂದು ವಾಟ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು. ಸ್ಪೀಕರಿಗೆ ಹೋಗುವುದು 15 ವಾಟ್. 150 ಕೋಟಿ ಪಟ್ಟು! ಒಂದು ರೂಪಾಯಿ ಕೊಟ್ಟು 150 ಕೋಟಿ ರೂಪಾಯಿ ಎಣಿಸಿಕೊಂಡ ಹಾಗೆ. ಆ ಸಾಲಿನಲ್ಲಿ ಹಮ್ ಕೂಡ ಒಂದು ಸವಕಲು ಪೈಸೆ ಹಿಡಿದು ನಿಂತಿರುತ್ತದೆ, ಅದಕ್ಕೂ ಅಷ್ಟೇ ಪಟ್ಟು ಸಿಗುತ್ತದೆ. ಗಿಟಾರಿನ ಪಿಕಪ್ಪಿನಲ್ಲಿ ತಲೆಗೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಬಿಚ್ಚಿದರೆ ಒಂದು ಕಿಲೋಮೀಟರ್ ಆಸುಪಾಸು. ಅಷ್ಟುದ್ದದ ಬಲೆಯನ್ನು ಅಂಗೈಯಲ್ಲಿ ಹಿಡಿದು ಕೂತರೆ ಹಮ್ ಬೀಳದೆ ಇರುತ್ತದೆಯೇ?

ಇಷ್ಟಾದರೂ ನಾವಿನ್ನೂ ಪೆಟ್ಟಿಗೆಯ ಸುತ್ತಲೇ ಇದ್ದೇವೆ. ಗೋಡೆಯ ಪ್ಲಗ್ಗಿನಿಂದಾಚೆ ಹೋಗೋಣ. ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿ 1,700 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರವಿದೆ. ಅಲ್ಲಿನ ರೋಟರುಗಳು ತಿರುಗುವುದು ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ ಅದೇ 50. ಒಂದು ಮೀಟರ್ ವ್ಯಾಸದ ರೋಟರು ಎಂದುಕೊಂಡರೂ ಅದರ ಅಂಚು ಗಂಟೆಗೆ 565 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಬಳ್ಳಾರಿಯಿಂದ ಬೆಂಗಳೂರಿಗೆ ಅರ್ಧ ಗಂಟೆ ಚಿಲ್ಲರೆ. ಮೂರು ದಿನಕ್ಕೆ ಭೂಮಿಯ ಒಂದು ಸುತ್ತು. 28 ದಿನಕ್ಕೆ ಚಂದ್ರನ ದೂರ. ನೂರಾರು ಟನ್ ಯಂತ್ರ ಕುಡತಿನಿಯಲ್ಲಿ ಒಂದು ಸುತ್ತು ಮುಗಿಸಿದಾಗ ಕೂಡ್ಲಿಗಿಯ ಪೆಟ್ಟಿಗೆ ಒಂದು ಸಲ ಗುಂಯ್ ಎನ್ನುತ್ತದೆ. ಸುತ್ತಿಗೊಂದು ಗುಂಯ್, ಲೆಕ್ಕ ತಪ್ಪುವುದಿಲ್ಲ.

ಕುಡತಿನಿಯೊಂದೇ ಅಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ ದಕ್ಷಿಣ ಭಾರತದ ಜಾಲವನ್ನು ಉಳಿದ ದೇಶದ ಜಾಲಕ್ಕೆ ಬೆಸೆಯಿತು. ಅಂದಿನಿಂದ ಈ ಒಂದೇ ಜಾಲಕ್ಕೆ ಸೇರಿದ ದೊಡ್ಡ ಜನರೇಟರುಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತಿವೆ. 220 ಕಿಲೋವೋಲ್ಟ್ ಮತ್ತು ಅದಕ್ಕೆ ಮೇಲ್ಪಟ್ಟ ಮಾರ್ಗಗಳಷ್ಟನ್ನೇ ಲೆಕ್ಕ ಹಿಡಿದರೂ 4.8 ಲಕ್ಷ ಸರ್ಕ್ಯೂಟ್ ಕಿಲೋಮೀಟರ್ ದಾಟಿದೆ. ಭೂಮಿಗೆ ಸುತ್ತಿದರೆ ಹನ್ನೆರಡು ಸುತ್ತು. ಚಂದ್ರನಿಗೆ ಎಸೆದರೆ ಚಂದ್ರನನ್ನು ಮುಟ್ಟಿ ಇನ್ನೂ 95,000 ಕಿ.ಮೀ. ಮಿಗುತ್ತದೆ. 2024ರ ಮೇ 30ರಂದು ದೇಶ ಒಂದೇ ಹೊತ್ತಿಗೆ ಎಳೆದ ಕರೆಂಟು 250 ಗಿಗಾವಾಟ್. ನಮ್ಮ ಪೆಟ್ಟಿಗೆಗೆ 100 ವಾಟ್ ಬೇಕು ಎಂದಿಟ್ಟುಕೊಂಡರೆ ಅಂದಿನ ಕರೆಂಟಿನಲ್ಲಿ ಇಂಥ 250 ಕೋಟಿ ಆಂಪ್ಲಿಫೈಯರ್ ಉರಿಸಬಹುದಿತ್ತು. ಕೈಗೂಸಿನಿಂದ ಮುತ್ತಜ್ಜಿಯವರೆಗೆ ಪ್ರತಿಯೊಬ್ಬ ಭಾರತೀಯರಿಗೆ ಒಂದೊಂದು ಕೊಟ್ಟ ಮೇಲೂ ನೂರು ಕೋಟಿಗೂ ಹೆಚ್ಚು ಉಳಿಯುತ್ತಿದ್ದವು!

ಈ ಬೆಸುಗೆಗೆ ಮುಂಚಿನ ಒಂದು ಸಂಗತಿ ನೆನಪಿಡಬೇಕಾದದ್ದು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ 60 ಕೋಟಿಗೂ ಮೀರಿದ ಜನ ವಾಸಿಸುವ ನಾಡುಗಳಿಗೆ ಕರೆಂಟು ಹೋಯಿತು. ಭೂಮಿಯ ಪ್ರತಿ ಹನ್ನೆರಡು ಜನರಲ್ಲಿ ಒಬ್ಬರ ನಾಡು. ದಕ್ಷಿಣದ ಜಾಲ ಆಗ ಬೇರೆಯೇ ತಾಳಕ್ಕೆ ಓಡುತ್ತಿದ್ದುದರಿಂದ ಅದು ಬೀಳಲಿಲ್ಲ. ಆ ತಾಳವೂ ಸದಾ ಗಟ್ಟಿಯಾಗಿರಲಿಲ್ಲ. 1990ರ ದಶಕದಲ್ಲಿ ಇಲ್ಲಿನ ಆವರ್ತನ 48ಕ್ಕೂ ಜಗ್ಗುತ್ತಿತ್ತು. ಅಂದರೆ ಹಮ್ 49ರ ಜಿ ಸ್ವರಕ್ಕಿಂತ ಕೆಳಗಿತ್ತು, ಇಂದು ಮೇಲಿದೆ. ಈಗ 49.90ರಿಂದ 50.05ರ ನಡುವೆ ಹಿಡಿದಿಡಬೇಕೆಂಬುದು ನಿಯಮ. ಇಡೀ ದೇಶದ ಯಂತ್ರಗಳ ಶ್ರುತಿಯಲ್ಲಿ ಸಾವಿರಕ್ಕೆ ಮೂರರಷ್ಟು ಮಾತ್ರ ಸಡಿಲ! ನನಗೆ ಎಲ್ಲಕ್ಕಿಂತ ಸೋಜಿಗ ಇದೇ.

ಇನ್ನು ಕಾಲದ ಲೆಕ್ಕ ಮುಗಿಸಿಬಿಡೋಣ. ಸಾವಿರ ಮಹಾಯುಗ ಸೇರಿದರೆ ಒಂದು ಕಲ್ಪ, ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ. ಹಮ್ ಅದನ್ನು ಸಾವಿರ ದಿನಕ್ಕೆ ಮುಟ್ಟುತ್ತದೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ, ಅದಕ್ಕೆ ಮೂರು ವರ್ಷವೂ ಬೇಡ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ರಾಯಚೂರು–ಸೊಲ್ಲಾಪುರ ಬೆಸೆದ ದಿನದಿಂದ ಎಣಿಸುತ್ತ ಬಂದರೆ ನಮ್ಮ ಜಾಲದ ತೂಗಾಟಗಳು ಆ ಸಂಖ್ಯೆಯನ್ನು 2022ರ ಸೆಪ್ಟೆಂಬರ್ ಕೊನೆಯ ಸುಮಾರಿಗೇ ದಾಟಿಬಿಟ್ಟಿವೆ!

ಇಷ್ಟು ದೊಡ್ಡದನ್ನು ಪೆಟ್ಟಿಗೆಯ ಹೊಸ್ತಿಲಲ್ಲಿ ತಡೆಯಲು ಬೇಕಾಗುವ ಸಾಮಾನು ಮಾತ್ರ ಅಂಗೈಯಗಲ. ಒಣಗಿದ ಹಳೆಯ ಫಿಲ್ಟರ್ ಕೆಪಾಸಿಟರುಗಳನ್ನು ಬದಲಿಸಿದರೆ 100 ಹರ್ಟ್ಸ್‌ನವನು ಬಹುಪಾಲು ಅಡಗುತ್ತಾನೆ. ವಾಲ್ವ್ ಕಾಯಿಸುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಮೂಲೆಗೆ ಒತ್ತಿದರೆ 50ರವನು ತಗ್ಗುತ್ತಾನೆ. ಒಳ್ಳೆಯ ಶೀಲ್ಡ್ ಕೇಬಲ್ ಹಾಕಿ, ಟ್ರಾನ್ಸ್‌ಫಾರ್ಮರಿನಿಂದ ಗಿಟಾರನ್ನು ಎರಡು ಹೆಜ್ಜೆ ದೂರ ಹಿಡಿದು ಕೊಂಚ ತಿರುಗಿ ಕುಳಿತರೂ ವ್ಯತ್ಯಾಸ ಕೇಳಿಸುತ್ತದೆ. ಪೆಟ್ಟಿಗೆ ಬಿಚ್ಚುವ ಕೆಲಸ ಬಲ್ಲವರಿಂದಲೇ ಆಗಲಿ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟ್ ಕಾದು ಕುಳಿತಿರಬಹುದು.

ಒಂದು ಕೆಲಸವನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ‘ಅರ್ಥ್ ಪಿನ್ ಕಿತ್ತರೆ ಹಮ್ ನಿಲ್ತೈತಿ’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕೆಲವೊಮ್ಮೆ ನಿಲ್ಲುತ್ತದೆ ಕೂಡ. ಆದರೆ ಮನೆಗಳಲ್ಲಿ ಜೀವ ಕಾಯಲು ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿದರೆ ಕರೆಂಟು ಕಡಿಯುತ್ತದೆ, ಅದಕ್ಕಿಂತ ಹೆಚ್ಚು ಮೈಯಲ್ಲಿ ಹರಿದರೆ ಅಪಾಯ. 60 ವಾಟ್‌ನ ಒಂದು ಬಲ್ಬು ಎಳೆಯುವುದು ಅದರ ಎಂಟು ಪಟ್ಟು. ಗಿಟಾರಿನ ಉಕ್ಕಿನ ತಂತಿ, ಪೆಟ್ಟಿಗೆಯ ಲೋಹದ ಮೈ ಎರಡೂ ಒಂದಕ್ಕೊಂದು ಸೇರಿಕೊಂಡಿರುತ್ತವೆ, ನಿಮ್ಮ ಬೆರಳು ಆ ತಂತಿಯ ಮೇಲಿರುತ್ತದೆ. ಹಮ್ ಇದ್ದರೆ ಇರಲಿ, ಮೂರನೇ ಪಿನ್ ಇರಲೇಬೇಕು.