ಕುಣಿತದಲ್ಲೂ ಪಂಕ್ತಿಭೇದ

ಸಂಗೀತದಲ್ಲಿ ಮೇಲು ಕೀಳೆಣಿಸುವ ಚಾಳಿ ಶಾಸ್ತ್ರೀಯ ಸಂಗೀತದ ರಸಿಕರಿಗಷ್ಟೇ ಮೀಸಲಲ್ಲ. ಯಂತ್ರದ ತಾಳಕ್ಕೆ ರಾತ್ರಿಯಿಡೀ ಕುಣಿಯುವ ಎಲೆಕ್ಟ್ರಾನಿಕ್ ನೃತ್ಯ ಸಂಗೀತದ ಅಭಿಮಾನಿಗಳಲ್ಲೂ ಅದು ಧಾರಾಳವಾಗಿದೆ. 1990ರ ದಶಕದ ಬ್ರಿಟನ್ ಇದಕ್ಕೆ ತಕ್ಕ ನಿದರ್ಶನ.

ಅಮೆರಿಕದ ಷಿಕಾಗೊದಲ್ಲಿ 'ಹೌಸ್', ಡೆಟ್ರಾಯಿಟ್‌ನಲ್ಲಿ 'ಟೆಕ್ನೊ' ಎಂಬ ಪ್ರಕಾರಗಳನ್ನು ರೂಪಿಸಿದವರು ಮುಖ್ಯವಾಗಿ ಕಪ್ಪು ಜನಾಂಗದ ಯುವಕರು. 1980ರ ದಶಕದ ಕೊನೆಯ ಹೊತ್ತಿಗೆ ಇವು ಬ್ರಿಟನ್ ತಲುಪಿದವು. ಅಲ್ಲಿನ ತರುಣರು ಇವುಗಳ ವೇಗ ಹೆಚ್ಚಿಸಿ, ಹಳೆಯ ಧ್ವನಿಮುದ್ರಿಕೆಗಳಿಂದ ಡ್ರಮ್ಮಿನ ತುಣುಕುಗಳನ್ನು ಕತ್ತರಿಸಿ ಸೇರಿಸಿದಾಗ 'ಹಾರ್ಡ್‌ಕೋರ್' ಹುಟ್ಟಿತು. ಬಯಲಲ್ಲೂ ಗೋದಾಮುಗಳಲ್ಲೂ ನಡೆಯುತ್ತಿದ್ದ 'ರೇವ್' ಕೂಟಗಳಲ್ಲಿ ಸಾವಿರಾರು ಮಂದಿ ಇದಕ್ಕೆ ಕುಣಿದರು. 'ದಿ ಪ್ರಾಡಿಜಿ' ತಂಡ ಮಕ್ಕಳ ಸುರಕ್ಷತಾ ಚಿತ್ರವೊಂದರ ಬೆಕ್ಕಿನ ದನಿ ಬಳಸಿ 1991ರಲ್ಲಿ ಹೊರತಂದ 'ಚಾರ್ಲಿ' ಜನಪ್ರಿಯತೆಯ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಇಷ್ಟು ಜನ ಮೆಚ್ಚಿದ್ದೇ ಅಪರಾಧವಾಯಿತು. ರೇವ್ ಸಂಗೀತವನ್ನು ಕೊಂದದ್ದು ಈ ಹಾಡೇ ಅಲ್ಲವೇ ಎಂದು 'ಮಿಕ್ಸ್‌ಮ್ಯಾಗ್' ಪತ್ರಿಕೆ ಮರುವರ್ಷ ಪ್ರಶ್ನಿಸಿತು.

ಅದೇ 1992ರಲ್ಲಿ ಷೆಫೀಲ್ಡ್ ನಗರದ 'ವಾರ್ಪ್' ಕಂಪೆನಿ, ಮನೆಯಲ್ಲಿ ಕುಳಿತು ಆಲಿಸುವಂಥ ಟೆಕ್ನೊ ಸಂಕಲನವನ್ನು ಪ್ರಕಟಿಸಿತು. ಅದರ ಹೆಸರು 'ಆರ್ಟಿಫಿಷಿಯಲ್ ಇಂಟೆಲಿಜೆನ್ಸ್'. ಮುಖಪುಟದಲ್ಲಿ ಕುಣಿಯುವ ಜನರಿಲ್ಲ. ಸುಖಾಸನದಲ್ಲಿ ಒರಗಿದ ರೋಬೊ ಇದೆ. ಸಂಗೀತವೇನೋ ಸೊಗಸಾದದ್ದೇ. ಆದರೆ 'ಬುದ್ಧಿವಂತ ಟೆಕ್ನೊ' ಎಂಬ ಬಿರುದು ಬಳಕೆಗೆ ಬಂದೊಡನೆ, ಉಳಿದುದೆಲ್ಲ ದಡ್ಡರ ಸೊತ್ತು ಎಂದಾಯಿತು.

ಸರ್ಕಾರಕ್ಕೆ ಮಾತ್ರ ಈ ಭೇದ ಕಾಣಿಸಲಿಲ್ಲ. ರಾತ್ರಿ ಬಯಲಲ್ಲಿ 100 ಅಥವಾ ಹೆಚ್ಚು ಜನ ಸೇರುವ ರೇವ್ ಕೂಟಗಳನ್ನು ಚದುರಿಸಲು 1994ರ ಕಾಯ್ದೆಯೊಂದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಮತ್ತೆ ಮತ್ತೆ ಮರುಕಳಿಸುವ ತಾಳವೇ ಇಂಥ ಸಂಗೀತದ ಗುರುತು ಎಂದಿತು. ಆಗ 'ಬುದ್ಧಿವಂತರ' ಸಾಲಿನ ಆಟೆಕರ್ ಜೋಡಿಯೇ, ಒಂದೇ ತಾಳದ ಆವರ್ತ ಎರಡು ಸಲ ಬಾರದಂತೆ 'ಫ್ಲಟರ್' ಎಂಬ ಕೃತಿ ರಚಿಸಿ ಪ್ರತಿಭಟಿಸಿತು. ಅವರ ನಿಲುವು ಬಯಲಲ್ಲಿ ಕುಣಿಯುವವರ ಪರವಾಗಿತ್ತು.

ಇತ್ತ, ಹೀಗಳೆಯಲಾಗಿದ್ದ ಹಾರ್ಡ್‌ಕೋರ್ 'ಜಂಗಲ್' ಆಗಿ, ಮುಂದೆ 'ಡ್ರಮ್ ಅಂಡ್ ಬಾಸ್' ಆಗಿ ಬೆಳೆಯಿತು. 1997ರಲ್ಲಿ ಈ ಪ್ರಕಾರದ ರೋನಿ ಸೈಜ್ ಮತ್ತು ಸಂಗಡಿಗರ 'ನ್ಯೂ ಫಾರ್ಮ್ಸ್' ಕೃತಿಗೆ ಬ್ರಿಟನ್ನಿನ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ ಸಂದಿತು. ತಿಪ್ಪೆ ಎಂದು ಜರೆದ ಜಾಗದಿಂದಲೇ ಫಸಲು ಬಂದಿತ್ತು.

ಇಷ್ಟಾದರೂ ಚಾಳಿ ಬಿಡಲಿಲ್ಲ. ಅಷ್ಟರಲ್ಲಾಗಲೇ ಜಂಗಲ್‌ನ ಒಳಗೂ 'ಬುದ್ಧಿವಂತ' ಜಂಗಲ್ ಬೇರೆ, ಬರೀ ಕುಣಿಯುವವರ ಜಂಗಲ್ ಬೇರೆ ಎಂದು ಎರಡು ಪಂಕ್ತಿ ಹಾಕಿಯಾಗಿತ್ತು.