ಹೊಸ ಊರಿನಲ್ಲಿ ಮಕ್ಕಳಿಗೆ ಗರಡಿಯನ್ನಾರಿಸುವ ಬಗೆ

ಊರು ಬಿಟ್ಟು ಊರಿಗೆ ಬರುವ ಗೃಹಸ್ಥನು ಮೊದಲು ಮನೆಯನ್ನು ಹುಡುಕುವನು. ಬಳಿಕ ನೀರಿನ ಅನುಕೂಲವನ್ನು ನೋಡುವನು. ಆ ತರುವಾಯ ಮಕ್ಕಳ ಶಾಲೆಯನ್ನು ವಿಚಾರಿಸುವನು. ಈ ಮೂರೂ ಯುಕ್ತವಾದವುಗಳೇ. ಆದರೆ ಹತ್ತು ಹನ್ನೆರಡು ವರುಷದ ಬಾಲಕನ ಮನಸ್ಸಿನಲ್ಲಿ ಇವೆಲ್ಲಕ್ಕಿಂತ ಮುಂಚೆ ಏಳುವ ಪ್ರಶ್ನೆಯು ಬೇರೊಂದಾಗಿರುತ್ತದೆ. ಸಂಜೆಗೆ ತಾನು ಯಾರ ಸಂಗಡ ಆಡಬೇಕೆಂಬುದೇ ಆ ಪ್ರಶ್ನೆ. ಹಿರಿಯರು ಇದನ್ನು ಸಣ್ಣ ಮಾತೆಂದು ಬಗೆಯುವುದುಂಟು. ಮೂವತ್ತು ವರುಷಗಳಿಗೂ ಮಿಕ್ಕಿ ಮಕ್ಕಳ ನಡುವೆ ಕಾಲ ಕಳೆದ ನಮಗೆ ಅದು ಸಣ್ಣ ಮಾತೆಂದು ತೋರುವುದಿಲ್ಲ. ಜೊತೆ ಸಿಗದ ಹುಡುಗನು ಪಾಠದಲ್ಲಿಯೂ ಮಂಕಾಗುವನು. ಕೆಟ್ಟ ಜೊತೆ ಸಿಕ್ಕವನು ಪಾಠವನ್ನೇ ಬಿಡುವನು.

ನಮ್ಮ ಸೀಮೆಯಲ್ಲಿ ಹೀಗೆ ಊರು ಬದಲಿಸುವ ಕುಟುಂಬಗಳು ಅಲ್ಪವಲ್ಲ. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ಅನೇಕ ಗ್ರಾಮಗಳನ್ನು ನುಂಗಿತು. ಆ ಜನರು ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಒಲೆ ಹೂಡಬೇಕಾಯಿತು. ಸಕ್ಕರೆ ಕಾರಖಾನೆಗಳ ಕೆಲಸಕ್ಕೆಂದು ಮುಧೋಳ ಜಮಖಂಡಿಗಳಿಗೆ ಬರುವವರುಂಟು. ಮಗ್ಗದ ಉದ್ಯೋಗವನ್ನರಸಿ ರಬಕವಿ-ಬನಹಟ್ಟಿಗೆ ಬರುವವರೂ ಅಲ್ಲಿಂದ ಹೊರಡುವವರೂ ಉಂಟು. ಶಿಕ್ಷಕರು, ಬ್ಯಾಂಕಿನವರು, ಪೊಲೀಸರು ವರ್ಗದ ಹುಕುಮಿನೊಡನೆ ಪೆಟ್ಟಿಗೆ ಕಟ್ಟುವವರು. ಇವರೆಲ್ಲರ ಬೆನ್ನ ಹಿಂದೆ ಮಕ್ಕಳು ಬರುತ್ತಾರೆ. ಅಮೇರಿಕೆಯಂಥ ದೇಶಗಳಲ್ಲಿ ಇಂಥ ತಾಯಿತಂದೆಗಳು ಮಗನನ್ನು ಯಾವ ಕಾಲ್ಚೆಂಡಿನ ಸಂಘಕ್ಕೆ ಸೇರಿಸಬೇಕು, ಊರೂರು ತಿರುಗಿ ಆಡುವ ತಂಡಗಳಲ್ಲಿ ಯಾವುದು ಮೇಲೆಂದು ಚರ್ಚಿಸುವರಂತೆ. ನಮ್ಮಲ್ಲಿ ಆ ಪ್ರಶ್ನೆಯು ಬಹುಮಟ್ಟಿಗೆ ಗರಡಿಮನೆಯ ಹೊಸ್ತಿಲಲ್ಲಿ ಏಳುತ್ತದೆ.

ಅದಕ್ಕೆ ಕಾರಣವುಂಟು. ಗದಾಯುದ್ಧವನ್ನು ಕಾವ್ಯವಾಗಿಸಿದ ರನ್ನನು ಹುಟ್ಟಿದ್ದು ಮುದುವೊಳಲಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ. ಸುಮಾರು 1130ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಸಿದ್ಧವಾದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಪ್ರಕರಣವೇ ಇದ್ದು, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ವಿಂಗಡಿಸಿದೆ. ಸಮೀಪದ ಕೊಲ್ಹಾಪುರದಲ್ಲಿ ಶಾಹೂ ಛತ್ರಪತಿಗಳು ಕುಸ್ತಿಗೆ ಆಶ್ರಯವಿತ್ತರು. 1912ರಲ್ಲಿ ಅಲ್ಲಿ ಖಾಸಬಾಗ ಮೈದಾನವು ಸಿದ್ಧವಾಯಿತು. ಜಮಖಂಡಿ ಮುಧೋಳಗಳ ಸಂಸ್ಥಾನಗಳು 1948ರಲ್ಲಿ ವಿಲೀನವಾದರೂ ಕುಸ್ತಿಯ ಹುಚ್ಚು ವಿಲೀನವಾಗಲಿಲ್ಲ. ಇಂದಿಗೂ ಜಾತ್ರೆಯೆಂದರೆ ತೇರು ಒಂದು ಕಡೆ, ಕುಸ್ತಿಯ ಕಣ ಇನ್ನೊಂದು ಕಡೆ. ಗರಡಿಯ ಹುಡುಗರು ಆ ಜಾತ್ರೆಯಿಂದ ಈ ಜಾತ್ರೆಗೆ ಉಸ್ತಾದರ ಬೆನ್ನು ಹತ್ತಿ ಹೋಗುವರು. ಹೀಗಿರಲು ಮಗನನ್ನು ಒಂದು ಗರಡಿಗೆ ಹಾಕುವುದೆಂದರೆ ದಿನಕ್ಕೆ ಎರಡು ಹೊತ್ತು, ವರುಷಕ್ಕೆ ಹಲವು ರಾತ್ರಿಗಳು, ಅವನನ್ನು ಪರರ ವಶಕ್ಕೆ ಕೊಡುವುದೆಂದೇ ಅರ್ಥ. ನಮ್ಮ ಹೆಣ್ಣುಮಕ್ಕಳು ಉಸ್ತಾದರಿಗೆ "ಹುಡುಗನ್ನ ನಿಮ್ಮ ಉಡ್ಯಾಗ ಹಾಕೀನ್ರಿ" ಎನ್ನುವರಲ್ಲವೇ? ಉಡಿಯಲ್ಲಿ ಹಾಕುವ ಮುಂಚೆ ಉಡಿಯನ್ನು ನೋಡತಕ್ಕದ್ದು.

ಮೊದಲನೆಯ ಮಾತು: ಅವಸರವು ಬೇಡ. ಸಾಮಾನು ಇಳಿಸಿದ ವಾರದಲ್ಲಿಯೇ ನೆರೆಮನೆಯವರು ಹೇಳಿದ ಗರಡಿಗೆ ಹುಡುಗನನ್ನು ಒಪ್ಪಿಸಿ ಬರುವ ತಂದೆಗಳನ್ನು ನಾವು ಕಂಡಿದ್ದೇವೆ. ಸಮೀಪದಲ್ಲಿರುವ ಎರಡು ಮೂರು ಗರಡಿಗಳಿಗೆ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ, ಹೇಳದೆ ಕೇಳದೆ ಹೋಗಿ ಒಂದು ಮೂಲೆಯಲ್ಲಿ ಕುಳಿತು ನೋಡಿರಿ. ಗೋಡೆಗೆ ತೂಗುಹಾಕಿದ ಗದೆ, ಢಾಲು, ಭಾವಚಿತ್ರಗಳನ್ನು ಎಣಿಸಬೇಡಿರಿ. ಅವು ದೊಡ್ಡ ಪೈಲವಾನರ ಗಳಿಕೆ, ನಿಮ್ಮ ಮಗನಿಗೆ ದೊರೆಯುವ ಶಿಕ್ಷಣದ ಅಳತೆಯಲ್ಲ. ಎಲ್ಲರಿಗಿಂತ ಸಣ್ಣ ಹುಡುಗನ ಮೇಲೆ ಉಸ್ತಾದರ ಕಣ್ಣು ಇದೆಯೇ, ಸೋತು ಎದ್ದವನಿಗೆ ಅವರು ಏನು ಹೇಳುತ್ತಾರೆ, ತಪ್ಪಿದವನನ್ನು ತಿದ್ದುತ್ತಾರೋ ಬಡಿಯುತ್ತಾರೋ, ಇಷ್ಟನ್ನು ನೋಡಿರಿ. ತಾಯಿತಂದೆಗಳು ಕುಳಿತು ನೋಡುವುದನ್ನು ಒಪ್ಪದ ಗರಡಿಯಾದರೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಬಹುದು.

ಎರಡನೆಯದು ಗುರುವಿನ ವಿಚಾರ. ಮಣ್ಣಿನ ಕುಸ್ತಿ ಬೇರೆ, ಮ್ಯಾಟಿನ ಕುಸ್ತಿ ಬೇರೆ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ತು ಮಾಡಿದಾಗಲೇ ತೀರ್ಪು. ಮ್ಯಾಟಿನ ಮೇಲಾದರೋ ಪ್ರೌಢರಿಗೆ ಮೂರು ಮೂರು ನಿಮಿಷದ ಎರಡು ಅವಧಿಗಳು, ಹದಿನೇಳರ ಒಳಗಿನವರಿಗೆ ಎರಡೆರಡು ನಿಮಿಷದ ಎರಡು ಅವಧಿಗಳು. ಪ್ರತಿಯೊಂದು ಪಟ್ಟಿಗೂ ಅಂಕ. ಫ್ರೀಸ್ಟೈಲಿನಲ್ಲಿ ಹತ್ತು ಅಂಕಗಳಿಂದ ಮುಂದಾದವನು ಅಲ್ಲಿಗೇ ಗೆದ್ದಂತೆ. ಶಾಲಾ ಪಂದ್ಯಗಳಿಂದ ರಾಷ್ಟ್ರೀಯ ಪಂದ್ಯಗಳವರೆಗೆ ಮ್ಯಾಟಿನ ನಿಯಮವೇ ನಡೆಯುತ್ತದೆ. ಆದುದರಿಂದ ಮಣ್ಣಿನ ಕಸುವನ್ನೂ ಮ್ಯಾಟಿನ ಚುರುಕನ್ನೂ ಕಲಿಸಬಲ್ಲ ಗುರು ದೊರೆತರೆ ಅದು ಭಾಗ್ಯ. 1961ರಲ್ಲಿ ಪಟಿಯಾಲೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಶಿಕ್ಷಣ ಪಡೆದ ತರಬೇತುದಾರರೂ ನಮ್ಮ ರಾಜ್ಯದಲ್ಲಿದ್ದಾರೆ. ಪ್ರಮಾಣಪತ್ರವಿಲ್ಲದ ಮಾತ್ರಕ್ಕೆ ಹಳೆಯ ಉಸ್ತಾದರನ್ನು ಕೀಳಾಗಿ ಕಾಣಬೇಕಿಲ್ಲ. ಆದರೆ ಹೊಸ ನಿಯಮವನ್ನು ಅರಿಯಲು ಅವರಿಗೆ ಮನಸ್ಸಿದೆಯೇ ಎಂದು ಕೇಳುವುದು ಮರ್ಯಾದೆಗೆ ಕುಂದಲ್ಲ.

ಮೂರನೆಯದು ದೇಹದ ಪಾಲನೆ. ವ್ಯಾಯಾಮವನ್ನು ಅರ್ಧಬಲದಷ್ಟೇ ಮಾಡತಕ್ಕದ್ದೆಂದು ಸುಶ್ರುತ ವಾಗ್ಭಟರ ಅಭಿಪ್ರಾಯ. ಹಣೆಯಲ್ಲಿಯೂ ಕಂಕುಳಲ್ಲಿಯೂ ಬೆವರೊಡೆದು, ಉಸಿರು ಬಾಯಿಯಿಂದ ಆಡತೊಡಗಿದಾಗ ಅರ್ಧಬಲವು ಮುಗಿಯಿತೆಂದು ತಿಳಿಯಬೇಕಂತೆ. ಪಂದ್ಯಕ್ಕೆ ಸಿದ್ಧನಾಗುವ ತರುಣನು ಈ ಮಿತಿಯನ್ನು ದಾಟಲೇಬೇಕಾಗುವುದು ನಿಜ. ಆದರೆ ಬೆಳೆಯುವ ಬಾಲಕರ ಮಟ್ಟಿಗೆ ಹಳಬರ ಈ ಎಚ್ಚರಿಕೆಯು ಇಂದಿನ ವೈದ್ಯರ ಮಾತಿಗೆ ದೂರವಾದುದಲ್ಲ. ಹನ್ನೆರಡರ ಹುಡುಗನಿಗೆ ಇಪ್ಪತ್ತರ ಪೈಲವಾನನಷ್ಟು ಸಾಮು ಬಸ್ಕಿಗಳನ್ನು ಹೇರುವ ಗರಡಿಯು ಹುಡುಗನನ್ನು ಬೆಳೆಸುವುದಿಲ್ಲ, ಸವೆಸುತ್ತದೆ. ಜೋಡಿ ಹಚ್ಚುವಾಗ ತೂಕ ವಯಸ್ಸುಗಳನ್ನು ನೋಡುತ್ತಾರೆಯೇ? ತೂಕ ಇಳಿಸಲೆಂದು ಮಕ್ಕಳಿಗೆ ನೀರು ಬಿಡಿಸುತ್ತಾರೆಯೇ? ಬಿಡಿಸುವುದಾದರೆ ಅದು ಅಪಾಯದ ದಾರಿ. ಕಣದ ಮಣ್ಣನ್ನು ದಿನಾಲು ಅಗೆದು ಹಸನು ಮಾಡುತ್ತಾರೆಯೇ, ಮ್ಯಾಟನ್ನು ತೊಳೆಯುತ್ತಾರೆಯೇ, ಗಜಕರ್ಣವಾದ ಹುಡುಗನನ್ನು ಗುಣವಾಗುವ ತನಕ ದೂರವಿಡುತ್ತಾರೆಯೇ? ಕುತ್ತಿಗೆಗೆ ಪೆಟ್ಟಾದರೆ ಅವನನ್ನು ಎಳೆದಾಡದೆ ಮಲಗಿಸಿ ಆಸ್ಪತ್ರೆಗೆ ಒಯ್ಯುವ ತಿಳಿವಳಿಕೆಯೂ ವಾಹನವೂ ಅಲ್ಲಿವೆಯೇ? ಇವನ್ನು ಕೇಳಲು ಸಂಕೋಚಪಡತಕ್ಕುದಿಲ್ಲ.

ಆಹಾರದ ಮಾತೂ ಇಲ್ಲಿಯೇ ಬರತಕ್ಕದ್ದು. ಜೋಳದ ರೊಟ್ಟಿ, ಮೊಳಕೆ ಕಾಳು, ಶೇಂಗಾ, ಹಾಲು, ಮೊಸರು, ಅನುಕೂಲವಿದ್ದವರಿಗೆ ತುಪ್ಪ ಬದಾಮು, ರೂಢಿಯಿದ್ದವರಿಗೆ ತತ್ತಿ ಮಾಂಸ: ಬಾಲಕನಿಗೆ ಇದರಿಂದ ಬಾರದ ಬಲವು ಡಬ್ಬಿಯ ಪುಡಿಯಿಂದ ಬರುವುದೆಂದು ನಂಬಬೇಡಿರಿ. ಬೇಗನೆ ಮೈ ತುಂಬಿಸುವ ಸೂಜಿ ಗುಳಿಗೆಗಳ ಮಾತು ಯಾವ ಗರಡಿಯಲ್ಲಿ ಕಿವಿಗೆ ಬಿದ್ದರೂ ಮಗನನ್ನು ಅಂದೇ ಹೊರಗೆ ಕರೆತನ್ನಿರಿ. ಅಂಥ ಔಷಧಗಳು ಬೆಳೆಯುವ ಎಲುಬಿನ ತುದಿಗಳನ್ನು ಅಕಾಲದಲ್ಲಿ ಮುಚ್ಚಿಸಿ ಎತ್ತರವನ್ನೇ ಕುಂಠಿಸಬಲ್ಲವು. ಯಕೃತ್ತಿಗೂ ಹೃದಯಕ್ಕೂ ಹಾನಿ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನಿಗೆ ವರುಷಗಟ್ಟಲೆ ಪಂದ್ಯಗಳಿಂದ ಬಹಿಷ್ಕಾರ. ಈ ವಿಷಯದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯೂ ಆಗಿದೆ.

ನಾಲ್ಕನೆಯದು ಪ್ರಯಾಣ. ಊರೂರಿನ ಕಣಗಳನ್ನು ಕಂಡು ಬಂದ ಹುಡುಗನಿಗೆ ಧೈರ್ಯ ಬರುತ್ತದೆ, ಜನರ ಪರಿಚಯವಾಗುತ್ತದೆ, ಸೋಲನ್ನು ನುಂಗುವ ಅಭ್ಯಾಸವಾಗುತ್ತದೆ. ಆದರೆ ಪ್ರಯಾಣಕ್ಕೆ ಕಟ್ಟಳೆಯು ಬೇಕು. ವರುಷಕ್ಕೆ ಎಷ್ಟು ಜಾತ್ರೆ, ಎಷ್ಟು ಪಂದ್ಯ, ಶಾಲೆಯ ದಿನಗಳೆಷ್ಟು ಹೋಗುತ್ತವೆ, ಪರೀಕ್ಷೆಯ ತಿಂಗಳಲ್ಲಿ ಬಿಡುವುಂಟೇ, ರಾತ್ರಿ ಟೆಂಪೋದಲ್ಲಿ ಎಷ್ಟು ಜನರನ್ನು ತುಂಬುತ್ತಾರೆ, ಸಂಗಡ ಜವಾಬ್ದಾರಿಯ ಹಿರಿಯರು ಯಾರು, ವಸತಿ ಎಲ್ಲಿ, ಗೆದ್ದ ಇನಾಮಿನ ಹಣವು ಯಾರ ಕೈ ಸೇರುತ್ತದೆ: ಇವುಗಳಿಗೆ ಉಸ್ತಾದರು ಮೊದಲೇ ಉತ್ತರ ಕೊಡಬೇಕು. ಖರ್ಚನ್ನೂ ಮೊದಲೇ ಕೂಡಿಸಿ ನೋಡತಕ್ಕದ್ದು. ಗರಡಿಯ ವರ್ಗಣಿ ಅಲ್ಪವಿರಬಹುದು. ಹಾಲು, ಬೂಟು, ಪಂದ್ಯದ ಉಡುಪು, ಬಸ್ಸಿನ ಹಣ ಕೂಡಿದಾಗ ನೇಕಾರನ ಮನೆಗೆ ಅದು ಭಾರವೇ. ಸಾಲ ಮಾಡಿ ಮಗನನ್ನು ಜಾತ್ರೆಗೆ ಕಳುಹಿಸಿದ ತಂದೆಯು ಮಗನ ಗೆಲುವಿಗಾಗಿ ಬಡ್ಡಿಯವನಂತೆ ಕಾಯತೊಡಗುವನು. ಅದರಿಂದ ಆಟದ ಸುಖವೇ ಕೆಡುತ್ತದೆ.

ಐದನೆಯದು ಹೆಣ್ಣುಮಕ್ಕಳ ವಿಚಾರ. ಗರಡಿಯು ಗಂಡಸರದೆಂಬ ಕಾಲ ಹೋಯಿತು. 2004ರಲ್ಲಿ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿಯು ಆರಂಭವಾಯಿತು. 2016ರಲ್ಲಿ ಸಾಕ್ಷಿ ಮಲಿಕರು ಕಂಚಿನ ಪದಕವನ್ನು ತಂದರು. ಆದರೆ 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳೇ ಮಹಿಳೆಯರ ಸುರಕ್ಷತೆಯ ಸಲುವಾಗಿ ದಿಲ್ಲಿಯ ಜಂತರ ಮಂತರದಲ್ಲಿ ಧರಣಿ ಕುಳಿತದ್ದನ್ನೂ ಮರೆಯಲಾಗದು. ಮಗಳನ್ನು ಸೇರಿಸುವ ಮುಂಚೆ ಅಲ್ಲಿ ಬೇರೆ ಹೆಣ್ಣುಮಕ್ಕಳಿದ್ದಾರೆಯೇ, ಪ್ರಯಾಣದಲ್ಲಿ ಹಿರಿಯ ಹೆಂಗಸರೊಬ್ಬರು ಇರುತ್ತಾರೆಯೇ, ಬಟ್ಟೆ ಬದಲಿಸಲೂ ಮಲಗಲೂ ಪ್ರತ್ಯೇಕ ಸ್ಥಳವುಂಟೇ ಎಂದು ನೋಡಿರಿ. ಗಂಡು ಮಕ್ಕಳಿಗೂ ಈ ಎಚ್ಚರಿಕೆ ಬೇಕು. ಮಕ್ಕಳ ರಕ್ಷಣೆಗೆಂದು 2012ರಲ್ಲಿ ಪೋಕ್ಸೋ ಕಾಯಿದೆಯಾಗಿದೆ. 1098 ಎಂಬುದು ಮಕ್ಕಳ ಸಹಾಯವಾಣಿಯ ಸಂಖ್ಯೆ. ಇದಕ್ಕಿಂತ ದೊಡ್ಡ ರಕ್ಷಣೆಯೆಂದರೆ, ಏನಾದರೂ ನಡೆದರೆ ಮನೆಯಲ್ಲಿ ಹೇಳಬಹುದೆಂಬ ಧೈರ್ಯವು ಮಗುವಿಗೆ ಇರುವುದು.

ಆರನೆಯದು ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತು. ಮಣ್ಣಿಗಿಳಿದವರಲ್ಲಿ ಭೇದವಿರಬಾರದು. ಹನುಮಪ್ಪನ ಪಟಕ್ಕೆ ಕೈಮುಗಿದು ಒಬ್ಬನು, ಬಿಸ್ಮಿಲ್ಲಾ ಎಂದು ಇನ್ನೊಬ್ಬನು ಒಂದೇ ಕಣಕ್ಕಿಳಿದು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಮಣ್ಣು ಸವರುವುದು ನಮ್ಮ ಗರಡಿಗಳ ಹಳೆಯ ನಡತೆ. ಯಾವ ಗರಡಿಯಲ್ಲಿ ಒಬ್ಬ ಹುಡುಗನಿಗೆ ನೀರಿನ ತಂಬಿಗೆಯು ಬೇರೆಯಾಗಿರುವುದೋ, ಅಥವಾ ಹೊಸದಾಗಿ ಬಂದವನನ್ನು ಮುಳುಗಡೆಯವನೆಂದು ಕರೆದು ನಗುವರೋ, ಆ ಗರಡಿಯಲ್ಲಿ ಎಷ್ಟೇ ಗದೆಗಳಿದ್ದರೂ ಅದು ನಿಮ್ಮ ಮಗನಿಗೆ ತಕ್ಕುದಲ್ಲ. ಹಳ್ಳಿ ಮುಳುಗಿ ಬಂದ ಮನೆಯ ಹುಡುಗನೊಬ್ಬನು ನಮ್ಮ ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದೆ ಕುಳಿತಿರುತ್ತಿದ್ದನು. ಸಂಜೆಯ ಗರಡಿಯಲ್ಲಿ ಜೋಡಿಯಾದ ಹುಡುಗನೇ ಮೊದಲು ಅವನ ಸಂಗಡ ರೊಟ್ಟಿಯ ಗಂಟು ಬಿಚ್ಚಿದವನು. ಅದಾದ ಮೇಲೆ ಅವನು ಪಾಠದಲ್ಲಿಯೂ ಉತ್ತರ ಹೇಳತೊಡಗಿದನು. ಅವನು ದೊಡ್ಡ ಪೈಲವಾನನಾಗಲಿಲ್ಲ. ಆದರೆ ಆ ಊರು ಅವನ ಊರಾಯಿತು. ಅದು ಅಲ್ಪ ಲಾಭವೇ?

ಹಳೆಯ ಊರಿನಲ್ಲಿ ಗರಡಿಯಿದ್ದ ಹುಡುಗನಾದರೆ ಅಲ್ಲಿಯ ಉಸ್ತಾದರ ಪಾದಕ್ಕೆ ನಮಸ್ಕರಿಸಿ, ಅಪ್ಪಣೆ ಪಡೆದು ಬರಲಿ. ಅವರ ಒಂದು ಮಾತು ಹೊಸ ಗುರುವಿನ ಬಳಿ ಚೀಟಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಜನ್ಮದಾಖಲೆ, ವ್ಯಾಸಂಗ ಪ್ರಮಾಣಪತ್ರಗಳನ್ನು ತೆಗೆದಿಟ್ಟುಕೊಂಡರೆ ಪಂದ್ಯಗಳ ಹೊತ್ತಿಗೆ ಓಡಾಟ ತಪ್ಪೀತು. ವಯಸ್ಸನ್ನು ಕಡಿಮೆ ಬರೆಯಿಸುವ ಉಪಾಯ ಹೇಳುವವರ ಮಾತಿಗೆ ಕಿವಿಗೊಡಬೇಡಿರಿ. ಸುಳ್ಳಿನ ಮೇಲೆ ಗೆದ್ದ ಗದೆಯು ಮಗನಿಗೆ ಸುಳ್ಳನ್ನೇ ಕಲಿಸುತ್ತದೆ.

ಕುಸ್ತಿಯೇ ಆಗಬೇಕೆಂಬ ಹಟವೂ ಬೇಡ. ನಮ್ಮ ಭಾಗವು ಸೈಕಲ್ ಸವಾರರಿಗೂ ಹೆಸರಾದದ್ದು. ಕಬಡ್ಡಿ, ಖೋ-ಖೋ, ಕಾಲ್ಚೆಂಡುಗಳೂ ಉಂಟು. ಹುಡುಗನಲ್ಲಿ ವಿಶೇಷ ಕಸುವು ಕಂಡುಬಂದರೆ ದಾವಣಗೆರೆಯ ಕ್ರೀಡಾ ವಸತಿನಿಲಯ, ರಾಮದುರ್ಗ ತಾಲೂಕಿನ ಚಂದರಗಿಯ ಕ್ರೀಡಾಶಾಲೆ ಮುಂತಾದವುಗಳ ಆಯ್ಕೆಯನ್ನು ವಿಚಾರಿಸಬಹುದು. ಆದರೆ ಎಂಟು ಹತ್ತು ದಿನ ಗರಡಿಗೆ ಹೋಗಿ ಬಂದ ಮೇಲೆ ಮಗನನ್ನೇ ಒಮ್ಮೆ ಕೇಳಿರಿ. ಮೈನೋವಿನ ನಡುವೆಯೂ ನಾಳೆ ಹೋಗುವೆನೆಂದು ಅವನೇ ಹೇಳಿದರೆ ಆರಿಸಿದ್ದು ಸರಿ. ಹೊಟ್ಟೆನೋವಿನ ನೆವವನ್ನು ಹುಡುಕತೊಡಗಿದರೆ ಕಾರಣವನ್ನು ಶೋಧಿಸತಕ್ಕದ್ದು.

ಕೊನೆಯದಾಗಿ ವಿದ್ಯೆಯ ಮಾತು. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕವನ್ನು ತಂದುಕೊಟ್ಟರು. ಅವರ ಪ್ರಯಾಣಕ್ಕೆ ಹಣ ಸಾಲದಾದಾಗ ಊರವರು ವರ್ಗಣಿ ಕೂಡಿಸಿದರು. ಅವರು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಪದಕವನ್ನು ಗೆದ್ದ ಜಾಧವರಿಗೆ ಮುಂದೆ ಅನ್ನಕ್ಕೆ ದಾರಿಯಾದದ್ದು 1955ರಲ್ಲಿ ಸೇರಿದ ಪೊಲೀಸ್ ಖಾತೆಯ ನೌಕರಿ. ಅಷ್ಟು ದೊಡ್ಡ ಮಲ್ಲನಿಗೇ ಹೀಗಾದರೆ, ಉಳಿದವರ ಮಾತೇನು? ಆದುದರಿಂದ ಪುಸ್ತಕವನ್ನು ಬಿಡಿಸದ ಗರಡಿಯನ್ನು ಆರಿಸಿರಿ. ಶಾಲೆಯ ಗುರುಗಳೂ ಗರಡಿಯ ಗುರುಗಳೂ ಒಬ್ಬರನ್ನೊಬ್ಬರು ಹೆಸರಿನಿಂದ ಬಲ್ಲವರಾಗಿದ್ದು, ಹುಡುಗನು ಯಾವ ಕಡೆ ತಪ್ಪಿದರೂ ಎರಡೂ ಕಡೆ ಗೊತ್ತಾಗುವಂತಿದ್ದರೆ, ತಾಯಿತಂದೆಗಳು ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.